ಮನೆಯಲ್ಲೇ ಗೊಬ್ಬರ ಮಾಡಲು ಹೋಗಿ ಓನರ್ ಅಂಕಲ್ ಪಂಚೆ ಹಾಳಾಯ್ತು. ಎಲ್ಲಿ ತಪ್ಪಿದೆ ಹೇಳಿ

ಹನ್ನೊಂದು ಬಕೆಟ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಡಿಗೆ ಮನೆ, ಮೊದಲನೇ ಮಹಡಿ. ತಾರಸಿಯಲ್ಲಿ ಗಿಡ ಇಟ್ಟುಕೊಳ್ಳಲು ಕೆಳಗಿನ ಓನರ್ ಅಂಕಲ್ ಒಪ್ಪಿದ್ದಾರೆ (ಒಪ್ಪಿದ್ದರು ಅನ್ನಬೇಕೇನೋ ಈಗ). 20 ಲೀಟರಿನ ಹಳೇ ಪೇಂಟ್ ಬಕೆಟ್ 11 ಇವೆ. ಟೊಮೆಟೊ ನಾಲ್ಕು, ಮೆಣಸಿನಕಾಯಿ ಮೂರು, ಬದನೆ ಎರಡು, ಒಂದು ಕರಿಬೇವು, ಒಂದು ಗುಲಾಬಿ.

ಮೊದಲು ನರ್ಸರಿಯಿಂದ ಎರೆಗೊಬ್ಬರ ತರುತ್ತಿದ್ದೆ. 5 ಕೆಜಿ ಚೀಲಕ್ಕೆ 150 ರೂಪಾಯಿ, ತಿಂಗಳಿಗೆ ಎರಡು ಚೀಲ. ಒಂದು ದಿನ ನಮ್ಮ ಮನೆಯವರು, "ಈ ದುಡ್ಡಿಗೆ ಸಂತೆಯಲ್ಲಿ ಟೊಮೆಟೊನೇ ಬರುತ್ತಲ್ಲ" ಅಂದುಬಿಟ್ಟರು. ಸಿಟ್ಟು ಬಂತು. ಲೆಕ್ಕ ಹಾಕಿದೆ. ಅವರು ಹೇಳಿದ್ದು ನಿಜ. ಇನ್ನೂ ಸಿಟ್ಟು ಬಂತು.

ಹಾಗಾಗಿ ಫೋನಿನಲ್ಲಿ ವಿಡಿಯೋ ನೋಡಿ ಮನೆಯಲ್ಲೇ ಗೊಬ್ಬರ ಮಾಡಲು ಶುರು ಮಾಡಿದೆ. ಮೂರು ತಿಂಗಳಲ್ಲಿ ಏನೇನು ಮಾಡಿದೆ ಅಂತ ಒಂದೂ ಬಿಡದೆ ಬರೆಯುತ್ತೇನೆ, ಬೈದರೂ ಪರವಾಗಿಲ್ಲ.

ಬಾಳೆಹಣ್ಣಿನ ಸಿಪ್ಪೆ, ಈರುಳ್ಳಿ ಸಿಪ್ಪೆ ಎರಡನ್ನೂ 2 ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ತುರುಕಿ, ನೀರು ತುಂಬಿ, ಮುಚ್ಚಳ ಬಿಗಿಯಾಗಿ ಹಾಕಿ ಬಿಸಿಲಲ್ಲಿಟ್ಟೆ. "ಹತ್ತು ದಿನ ಮುಟ್ಟಬೇಡಿ" ಅಂದಿದ್ದರು. ನಾನು ಮುಟ್ಟಲಿಲ್ಲ. ಎಂಟನೇ ದಿನ ಮಧ್ಯಾಹ್ನ ಅದೇ ಢಮ್ ಅಂತು. ಮುಚ್ಚಳ ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ. ನೀರು ಮಾತ್ರ ಪ್ಯಾರಾಪೆಟ್ ದಾಟಿ ಕೆಳಗೆ ಒಣಗಲು ಹಾಕಿದ್ದ ಅಂಕಲ್ ಅವರ ಬಿಳಿ ಪಂಚೆ ಮೇಲೆ ಬಿತ್ತು. ವಾಸನೆ ಹೇಗಿತ್ತು ಅಂತ ಕೇಳಬೇಡಿ.

ಮೊಟ್ಟೆ ಚಿಪ್ಪು ಕೈಯಲ್ಲಿ ಮುರಿದು ಎಲ್ಲಾ ಬಕೆಟ್‌ಗೂ ಹಾಕಿದ್ದೇನೆ. ಟೀ ಸೊಪ್ಪು ಸೋಸಿದ ಹಾಗೇ ಬುಡಕ್ಕೆ ಸುರಿದೆ, ಈಗ ಇರುವೆ ಸಾಲು. ಗುಲಾಬಿಗೆ ಎಪ್ಸಮ್ ಸಾಲ್ಟ್ ಹಾಕಿ ಅಂದಿದ್ದರು. ಕಲ್ಲುಪ್ಪೇ ಇರಬೇಕು ಅಂದುಕೊಂಡೆ. ಅತ್ತೆಯೂ "ನಮ್ಮೂರಲ್ಲಿ ತೆಂಗಿನ ಬುಡಕ್ಕೆ ಉಪ್ಪು ಹಾಕ್ತಾರಲ್ಲ, ಹಾಕು" ಅಂದರು. ಒಂದು ಹಿಡಿ ಹಾಕಿದೆ. ಈಗ ಗುಲಾಬಿ ಎಲೆಯ ಅಂಚೆಲ್ಲ ಸುಟ್ಟ ಕಾಗದದ ಥರ ಆಗಿದೆ.

ಟೊಮೆಟೊದಲ್ಲಿ ಕಾಯಿ ಬಂದಿವೆ, ಆದರೆ ತಳ ಕಪ್ಪಗೆ ಕೂತುಕೊಳ್ಳುತ್ತಿದೆ. ಕೆಳಗಿನ ಎಲೆ ಹಳದಿ. ನಾವು ಹಾಕುವುದು ಬೋರ್ ನೀರು, ಬಕೆಟ್ ಅಂಚಲ್ಲಿ ಬೆಳ್ಳಗೆ ಪುಡಿ ಕಟ್ಟುತ್ತದೆ. ತಿಂಗಳಿಗೆ 100 ರೂಪಾಯಿ ಒಳಗೆ, ವಾಸನೆ ಬರದ ಹಾಗೆ, ಮನೆಯ ವಸ್ತುಗಳಲ್ಲೇ ನಿಜವಾಗಿ ಕೆಲಸ ಮಾಡುವ ಗೊಬ್ಬರ ಯಾವುದು? ಮಾಡಿ ನೋಡಿದವರು ಹೇಳಿ ಪ್ಲೀಸ್.

ಕೆರೆ ಏರಿ

ಇಷ್ಟೆಲ್ಲ ಯಾಕೆ ಮೇಡಂ? ಯೂರಿಯಾ 45 ಕೆಜಿ ಮೂಟೆಗೆ 270 ರೂಪಾಯಿ ಒಳಗೇ ಸಿಗುತ್ತದೆ. ರೈತರ ಹತ್ತಿರ ಒಂದು ಕೆಜಿ ಕೇಳಿ ತನ್ನಿ, ಬಕೆಟ್‌ಗೆ ಒಂದೊಂದು ಚಮಚ. ವಾಸನೆಯೂ ಇಲ್ಲ, ಪಂಚೆಯೂ ಉಳಿಯುತ್ತದೆ.

ಮೆಸ್ಸಿನ ಅಕ್ಕ, ಶಿವಮೊಗ್ಗ

ಪಂಚೆ ಕಥೆ ಓದಿ ನಕ್ಕು ಸಾಕಾಯ್ತು ತಂಗಿ. ಬೇಜಾರು ಮಾಡಿಕೊಳ್ಳಬೇಡಿ. ನಾನು 22 ವರ್ಷ ಕಾಲೇಜು ಹುಡುಗರಿಗೆ ಮೆಸ್ ನಡೆಸಿದವಳು. ಅಡುಗೆಮನೆ ಕಸದಲ್ಲಿ ಮಾಡಬಾರದ್ದನ್ನೆಲ್ಲ ಮಾಡಿ ಆಗಿದೆ.

ಮೊದಲು ಗುಲಾಬಿ ಉಳಿಸಿಕೊಳ್ಳಿ, ಉಳಿದದ್ದು ಆಮೇಲೆ. ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಸಿಯಮ್ ಸಲ್ಫೇಟ್. ಹೆಸರಲ್ಲಿ ಮಾತ್ರ ಉಪ್ಪು. ನೀವು ಹಾಕಿದ್ದು ಅಡುಗೆ ಉಪ್ಪು, ಅದು ಬೇರಿನಿಂದ ನೀರನ್ನೇ ಕಿತ್ತುಕೊಳ್ಳುತ್ತದೆ. ನಿಮ್ಮ ಅತ್ತೆ ಹೇಳಿದ್ದೂ ಸುಳ್ಳಲ್ಲ. ತೆಂಗು ಉಪ್ಪು ತಡೆಯುವ ಮರ, ಉಪ್ಪಿನಲ್ಲಿರುವ ಕ್ಲೋರಿನ್ ಅದಕ್ಕೆ ಬೇಕು ಕೂಡ. ತೆಂಗಿಗೆ ಆಗುವುದು ಗುಲಾಬಿಗೆ ಆಗಲ್ಲ, ಅಷ್ಟೇ. ಬಕೆಟ್ ತಳದ ತೂತು ಕಟ್ಟಿಲ್ಲ ತಾನೇ ಅಂತ ಕಡ್ಡಿ ಹಾಕಿ ನೋಡಿ. ಆಮೇಲೆ ನಲ್ಲಿ ನೀರು ಬಂದ ದಿನ, ಬೋರ್ ನೀರಲ್ಲ, ಮೂರು ನಾಲ್ಕು ಬಕೆಟ್ ನೀರನ್ನು ನಿಧಾನವಾಗಿ ಸುರಿದು ಕೆಳಗಿಂದ ಹರಿದು ಹೋಗಲು ಬಿಡಿ. ಎರಡು ದಿನ ಬಿಟ್ಟು ಇನ್ನೊಮ್ಮೆ. ಚಿಗುರು ಬರುವ ತನಕ ಯಾವ ಗೊಬ್ಬರವೂ ಬೇಡ.

ಈಗ ಟೊಮೆಟೊ. ತಳ ಕಪ್ಪಾಗುವುದು ಕಾಯಿಗೆ ಸುಣ್ಣದ ಅಂಶ ಸಿಗದೆ. ಹಾಗಂತ ಮಣ್ಣಲ್ಲಿ ಸುಣ್ಣ ಇಲ್ಲ ಅಂತಲ್ಲ. ಬಕೆಟ್ ಅಂಚಲ್ಲಿ ಬೆಳ್ಳಗೆ ಕಟ್ಟುತ್ತದೆ ಅಂದಿರಲ್ಲ, ಅದರಲ್ಲಿ ಹೆಚ್ಚಿನದು ಅದೇ ಸುಣ್ಣ. ಇದ್ದರೂ ಕಾಯಿ ತನಕ ಹೋಗುತ್ತಿಲ್ಲ, ಯಾಕೆಂದರೆ ಅದು ನೀರಿನ ಜೊತೆಗೇ ಹೋಗಬೇಕು. ದಾವಣಗೆರೆ ಬಿಸಿಲಿಗೆ 20 ಲೀಟರಿನ ಬಕೆಟ್ ಮಧ್ಯಾಹ್ನ ಮೂರಕ್ಕೆಲ್ಲ ಒಣಗಿರುತ್ತದೆ. ನೀವು ಸಂಜೆ ಬಂದು ತುಂಬ ಹಾಕುತ್ತೀರಿ. ಹೌದೋ ಅಲ್ಲವೋ? ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ನೀರು ಹಾಕಿ, ಬುಡಕ್ಕೆ ಎರಡು ಅಂಗುಲ ತರಗೆಲೆ ಹೊದಿಸಿ. ಮೊಟ್ಟೆ ಚಿಪ್ಪು ಇದಕ್ಕೆ ಔಷಧಿಯಲ್ಲ. ಕೈಯಲ್ಲಿ ಮುರಿದು ಹಾಕಿದ್ದು ಮುಂದಿನ ವರ್ಷ ಕೆದಕಿದರೂ ಹಾಗೇ ಸಿಗುತ್ತದೆ. ಒಣಗಿಸಿ, ಮಿಕ್ಸಿಯಲ್ಲಿ ಮೈದಾ ಹಿಟ್ಟಿನಷ್ಟು ನುಣ್ಣಗೆ ಮಾಡಿದರೆ ನಿಧಾನಕ್ಕೆ ಕರಗೀತು. ಬೋರ್ ನೀರಿನವರಿಗೆ ಆ ಕಷ್ಟವೂ ಬೇಡ ಅಂತ ನನ್ನ ಅಭಿಪ್ರಾಯ.

ಕೆಳಗಿನ ಹಳೇ ಎಲೆ ಮೊದಲು ಹಳದಿಯಾದರೆ ಸಾರಜನಕ ಸಾಲದು ಅಂತ. ಹೊಸ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ್ದು, ಗಡಸು ನೀರಿನ ಕಾಟ. ನಿಮ್ಮದು ಮೊದಲನೆಯದು. ಬಾಳೆಸಿಪ್ಪೆ ನೀರಲ್ಲಿ ಪೊಟ್ಯಾಷ್ ಸ್ವಲ್ಪ ಇಳಿಯುತ್ತದೆ, ಸಾರಜನಕ ಅಂತ ಹೇಳಿಕೊಳ್ಳುವಷ್ಟು ಇರಲ್ಲ. ಗಿಡಕ್ಕೆ ಹಸಿವಾಗಿರುವುದು ಅನ್ನಕ್ಕೆ, ನೀವು ಕೊಟ್ಟಿದ್ದು ಉಪ್ಪಿನಕಾಯಿ ರಸ.

ಈ ಸಿಪ್ಪೆ ನೀರು, ಅಕ್ಕಿ ತೊಳೆದ ನೀರು, ಟೀ ನೀರು ಎಲ್ಲ ಇಷ್ಟೇ. ನಮ್ಮ ತೀರ್ಥಹಳ್ಳಿ ಕಡೆ ಅಕ್ಕಚ್ಚನ್ನು (ಅಕ್ಕಿ ತೊಳೆದ ನೀರು) ದನಕ್ಕೆ ಇಡುತ್ತಿದ್ದರು, ಗಿಡಕ್ಕೆ ಬರುತ್ತಿದ್ದುದು ಸಗಣಿಯಾಗಿ. ಈಗ ದನ ಇಲ್ಲ. ಅಕ್ಕಿ ತೊಳೆದ ನೀರನ್ನು ಅದೇ ದಿನ ಬುಡಕ್ಕೆ ಹಾಕಿ, ಚರಂಡಿಗೆ ಹೋಗುವ ಬದಲು ಗಿಡಕ್ಕೆ ಹೋಗಲಿ. ಅದನ್ನೇ ಗೊಬ್ಬರ ಅಂತ ನಂಬಿಕೊಂಡು ಕೂರಬೇಡಿ. ಹುಳಿ ಮಜ್ಜಿಗೆಗೆ ಹತ್ತು ಪಾಲು ನೀರು ಬೆರೆಸಿ ಕರಿಬೇವಿಗೆ ಹಾಕುವುದು ಮಾತ್ರ ನಾನು ಬಿಟ್ಟಿಲ್ಲ. ನಮ್ಮ ಕರಿಬೇವು ಅದರಿಂದಲೇ ಚಿಗುರುತ್ತದೆ ಅಂತ ಯಾರಾದರೂ ಪ್ರಮಾಣ ಮಾಡು ಅಂದರೆ ಮಾಡಲ್ಲ, ಆದರೆ ಚಿಗುರುತ್ತದೆ.

ನನ್ನ ತಪ್ಪೊಂದು ಹೇಳುತ್ತೇನೆ. ಮೆಸ್ಸಲ್ಲಿ ದಿನಾ ಫಿಲ್ಟರ್ ಕಾಫಿ. ಚರಟ ಬಕೆಟ್‌ಗಟ್ಟಲೆ. ಒಳ್ಳೆ ಗೊಬ್ಬರ ಅಂತ ಯಾರೋ ಹೇಳಿದರು, ಹಿತ್ತಲಿನ ಸೇವಂತಿಗೆ ಪಾತಿಗೆ ಎರಡು ಅಂಗುಲ ದಪ್ಪ ಹರಡಿದೆ. ಎರಡು ಬಿಸಿಲಿಗೆ ಅದು ಹೆಂಚಿನ ಥರ ಗಟ್ಟಿಯಾಯಿತು. ಮೇಲೆ ನೀರು ಹಾಕಿದರೆ ಪಕ್ಕಕ್ಕೆ ಹರಿದು ಹೋಗುತ್ತಿತ್ತು, ಒಳಗೆ ಒಂದು ಹನಿ ಇಳಿಯಲಿಲ್ಲ. ಮೇಲೆ ಒದ್ದೆ ಕಾಣುತ್ತದಲ್ಲ, ನನಗೆ ಗೊತ್ತೇ ಆಗಲಿಲ್ಲ. ಹಬ್ಬಕ್ಕೆ ಅಂತ ಇಟ್ಟಿದ್ದ ಸೇವಂತಿಗೆ ಪೂರ್ತಿ ಬಾಡಿ ಹೋಯಿತು. ಚರಟದಲ್ಲಿ ಸಾರಜನಕ ನೂರಕ್ಕೆ ಎರಡರಷ್ಟು ಇದೆ, ಸುಮ್ನೆ ಎಸೆಯುವಂಥದ್ದಲ್ಲ. ಆದರೆ ಅದರ ಜಾಗ ಗಿಡದ ಬುಡ ಅಲ್ಲ, ಗೊಬ್ಬರದ ಬಕೆಟ್. ನಿಮ್ಮ ಟೀ ಸೊಪ್ಪಿನದೂ ಅದೇ. ಒಮ್ಮೆ ನೀರಲ್ಲಿ ಜಾಲಿಸಿ ಸಕ್ಕರೆ ಹಾಲು ತೆಗೆದು ಹಾಕಿ, ಇರುವೆ ಬರಲ್ಲ.

ಆ ಗೊಬ್ಬರದ ಬಕೆಟ್ ವಿಷಯಕ್ಕೇ ಬರುತ್ತೇನೆ. ನಿಮಗೆ ಬೇಕಾದದ್ದು ಇದೊಂದೇ. ಊರಲ್ಲಿ ತಿಪ್ಪೆ ಅಂತಿದ್ದರಲ್ಲ, ಅದನ್ನೇ ಬಕೆಟ್‌ನಲ್ಲಿ ಮಾಡುವುದು.

ಇನ್ನೆರಡು ಪೇಂಟ್ ಬಕೆಟ್ ತನ್ನಿ. ಕಾಯಿಸಿದ ಕಬ್ಬಿಣದ ಕಂಬಿಯಲ್ಲಿ ತಳಕ್ಕೆ ಏಳೆಂಟು, ಸುತ್ತಲೂ ಒಂದು ಇಪ್ಪತ್ತು ತೂತು ಮಾಡಿ. ಎರಡು ಇಟ್ಟಿಗೆ ಮೇಲೆ ನಿಲ್ಲಿಸಿ, ಕೆಳಗೊಂದು ಹಳೇ ತಟ್ಟೆ. ತಳದಲ್ಲಿ ತೆಂಗಿನ ನಾರು. ಅದರ ಮೇಲೆ ಒಂದು ಪದರ ಒಣದ್ದು. ಒಣದ್ದು ಅಂದರೆ ತರಗೆಲೆ, ಇಲ್ಲದಿದ್ದರೆ ಹರಿದ ಪೇಪರ್, ರಟ್ಟು. ನಿಮ್ಮೂರಲ್ಲಂತೂ ರೈಸ್ ಮಿಲ್‌ಗೆ ಬರ ಇಲ್ಲ, ಭತ್ತದ ಹೊಟ್ಟು ಒಂದು ಚೀಲ ಕೇಳಿ ತನ್ನಿ. ಹೊಟ್ಟು ಬೇಗ ಕೊಳೆಯಲ್ಲ, ಆದರೆ ಒಳಗೆ ಗಾಳಿ ಆಡಲು ಅದರಷ್ಟು ಒಳ್ಳೆಯದು ಇಲ್ಲ. ತರಗೆಲೆ ಜೊತೆ ಬೆರೆಸಿ ಇಟ್ಟುಕೊಳ್ಳಿ.

ದಿನಾ ರಾತ್ರಿ ಆ ದಿನದ ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಟೀ ಸೊಪ್ಪು, ದೇವರ ಹೂವು ಎಲ್ಲವನ್ನೂ ಸಣ್ಣಗೆ ಹೆಚ್ಚಿ ಹಾಕಿ. ಒಂದು ಬಟ್ಟಲು ಹಸಿ ಹಾಕಿದರೆ ಎರಡು ಬಟ್ಟಲು ಒಣದ್ದು ಮೇಲೆ. ಜಿಪುಣತನ ಮಾಡುವುದು ಇಲ್ಲೇ, ವಾಸನೆ ಬರುವುದೂ ಇಲ್ಲಿಂದಲೇ. ಮೊದಲ ದಿನ ಎರಡು ಹಿಡಿ ಹಳೇ ಗೊಬ್ಬರವೋ ತೋಟದ ಮಣ್ಣೋ ಹಾಕಿದರೆ ಸಾಕು, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ದುಡ್ಡು ಕೊಟ್ಟು ಯಾವ ಪುಡಿಯೂ ತರಬೇಡಿ. ಅನ್ನ ಸಾರು, ಎಣ್ಣೆ ಪದಾರ್ಥ, ಮೀನು ಮಾಂಸ ಬೇಡ. ನಿಂಬೆ ಸಿಪ್ಪೆ ಸ್ವಲ್ಪ ಇದ್ದರೆ ನಡೆಯುತ್ತದೆ.

ಮೂರು ದಿನಕ್ಕೊಮ್ಮೆ ಕೋಲಲ್ಲಿ ತಿರುವಿ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಗಟ್ಟಿಯಾಗಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಹದ. ಧಾರೆ ಇಳಿದರೆ ಒಣದ್ದು ಸೇರಿಸಿ. ಏನೂ ಬರದೆ ಪುಡಿಪುಡಿ ಉದುರಿದರೆ ನೀರು ಚಿಮುಕಿಸಿ. ಒಂದು ಬಕೆಟ್ ತುಂಬಿದ ಮೇಲೆ ಅದನ್ನು ಬಿಟ್ಟು ಎರಡನೆಯದು ಶುರು ಮಾಡಿ. ತುಂಬಿದ್ದು ಎರಡು ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದು, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಗಿಡದ ಬಕೆಟ್‌ಗೆ ಎರಡೆರಡು ಹಿಡಿ, ಹದಿನೈದು ದಿನಕ್ಕೊಮ್ಮೆ.

ಆ ಎರಡು ತಿಂಗಳು ಗಿಡ ಏನು ತಿನ್ನಬೇಕು ಅಂತ ಕೇಳುತ್ತೀರಿ. ನಿಮ್ಮ 100 ರೂಪಾಯಿ ಇಲ್ಲಿ ಖರ್ಚು ಮಾಡಿ. ಗಾಣದಂಗಡಿಯಲ್ಲಿ ಶೇಂಗಾ ಹಿಂಡಿ ಒಂದು ಕೆಜಿ. ಪಕ್ಕದ ಚಳ್ಳಕೆರೆ ಎಣ್ಣೆಗೇ ಹೆಸರಾದ ಊರು, ನಿಮಗೆ ಹಿಂಡಿ ಸಿಗಲ್ಲ ಅನ್ನುವ ಹಾಗಿಲ್ಲ. ಹಿಂಡಿಯಲ್ಲಿ ಸಾರಜನಕ ನೂರಕ್ಕೆ ಏಳರಷ್ಟು ಇರುತ್ತದೆ, ಎರೆಗೊಬ್ಬರದಲ್ಲಿ ಒಂದೋ ಒಂದೂವರೆಯೋ. ದುಡ್ಡಿಗೆ ಯಾವುದು ಲಾಭ ನೀವೇ ನೋಡಿ. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಮೇಲೆ ಬಟ್ಟೆ ಮಾತ್ರ ಕಟ್ಟಿ. ಮುಚ್ಚಳ ಬೇಡ, ನಿಮಗೆ ಹೇಳಬೇಕಾಗಿಲ್ಲ. ಆಮೇಲೆ ಹತ್ತು ಪಾಲು ನೀರು ಬೆರೆಸಿ, ಸಂಜೆ ಹೊತ್ತು ಬಕೆಟ್‌ಗೆ ಅರ್ಧ ಲೀಟರ್, ಹತ್ತು ದಿನಕ್ಕೊಮ್ಮೆ. ಹೂವು ಕಾಯಿ ತುಂಬ ಇರುವಾಗ ಅದಕ್ಕಿಂತ ಜಾಸ್ತಿ ಬೇಡ. ಸಾರಜನಕ ಹೆಚ್ಚಾದರೆ ಬರೀ ಎಲೆ ಬರುತ್ತದೆ, ಆ ಕಪ್ಪು ತಳವೂ ಜಾಸ್ತಿಯಾಗುತ್ತದೆ. ವಾಸನೆ ಇಲ್ಲ ಅಂತ ಸುಳ್ಳು ಹೇಳಲ್ಲ, ಒಂದು ರಾತ್ರಿ ಇರುತ್ತದೆ. ಅಂಕಲ್ ಊರಿಗೆ ಹೋದ ದಿನ ಹಾಕಿ. ಹಿಂಡಿಯನ್ನು ಒಣಗಿದ್ದೇ ಬುಡಕ್ಕೆ ಉದುರಿಸಿದರೆ ಇಲಿ ಬರುತ್ತವೆ, ಇದೂ ಅನುಭವ.

ಮೇಲಿನ ಸರ್ ಯೂರಿಯಾ ಅಂದರು. ನನಗೆ ಯೂರಿಯಾ ಮೇಲೆ ಹಗೆ ಇಲ್ಲ, ನಮ್ಮಣ್ಣ ಗದ್ದೆಗೆ ಹಾಕುತ್ತಾನೆ. ಆದರೆ ಅದರಲ್ಲಿ ಸಾರಜನಕ ನೂರಕ್ಕೆ 46. ಗದ್ದೆಯಲ್ಲಿ ಕೈ ತಪ್ಪಿದರೆ ಹರಡಿಕೊಳ್ಳುತ್ತದೆ. ಬಕೆಟ್‌ನಲ್ಲಿ ಬೇರಿಗೆ ಓಡಿ ಹೋಗಲು ಜಾಗ ಇಲ್ಲ. ಒಂದು ಚಮಚ ಉಪ್ಪಿಗೂ ಅದಕ್ಕೂ ಗುಲಾಬಿಗೆ ಹೆಚ್ಚು ವ್ಯತ್ಯಾಸ ಗೊತ್ತಾಗಲ್ಲ.

ಹರಿಹರದ ಹುಡುಗ

ಅಕ್ಕ ಹೇಳಿದ್ದು ಸರಿ, ಆದರೆ ಜೀವಾಮೃತ ಬಿಟ್ಟುಬಿಟ್ಟಿರಿ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳುವ ಲೆಕ್ಕ ಒಂದು ಎಕರೆಗೆ 200 ಲೀಟರ್ ನೀರು, 10 ಕೆಜಿ ನಾಟಿ ಹಸುವಿನ ಸಗಣಿ. ನಾನು ತಾರಸಿಗೆ ಅದನ್ನೇ ಇಳಿಸಿಕೊಂಡಿದ್ದೇನೆ. 10 ಲೀಟರ್ ನೀರಿಗೆ ಅರ್ಧ ಕೆಜಿ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನೆರಳಲ್ಲಿ 48 ಗಂಟೆ, ಬೆಳಿಗ್ಗೆ ಸಂಜೆ ತಿರುವಬೇಕು. ವಾರದೊಳಗೆ ಖಾಲಿ ಮಾಡಬೇಕು. ಹಾಲಿನವರ ಮನೆಯಲ್ಲಿ ಸಗಣಿ ಗಂಜಲ ಸುಮ್ನೆ ಕೊಡುತ್ತಾರೆ. ಬೆಲ್ಲ ಕಪ್ಪಗಿರುವುದೇ ತನ್ನಿ.

ಇನ್ನೊಂದು, ಮಂಡಕ್ಕಿ ಭಟ್ಟಿಯಲ್ಲಿ ಬೂದಿ ರಾಶಿ ರಾಶಿ ಇರುತ್ತದೆ. ಕೇಳಿದರೆ ಕೊಡುತ್ತಾರೆ. ಪೊಟ್ಯಾಷ್ ಫ್ರೀ!

ಮೆಸ್ಸಿನ ಅಕ್ಕ, ಶಿವಮೊಗ್ಗ

ಜೀವಾಮೃತ ಮಾಡಿ ತಮ್ಮಾ, ಬೇಡ ಅನ್ನಲ್ಲ. ಅದು ಮಣ್ಣಿನ ಸೂಕ್ಷ್ಮಜೀವಿ ಹೆಚ್ಚಿಸುವ ದ್ರವ. ಆ ಜೀವಿಗಳಿಗೆ ತಿನ್ನಲು ಹೊಲದಲ್ಲಿ ಸೊಪ್ಪು ಸದೆ ಇರುತ್ತದೆ, ಇವರ ಬಕೆಟ್‌ನಲ್ಲಿ ಬರೀ ಕೆಮ್ಮಣ್ಣು. ಮೊದಲು ಕಾಂಪೋಸ್ಟ್ ಬೀಳಲಿ, ಆಮೇಲೆ ಹಾಕಿದರೆ ಪ್ರಯೋಜನ. ಬಾಡಿಗೆ ಮನೆಯಲ್ಲಿ ಗಂಜಲ ತಂದರೆ ಪಂಚೆ ಅಲ್ಲ, ಅಡ್ವಾನ್ಸೇ ವಾಪಸ್ ಕೊಟ್ಟು ಕಳಿಸುತ್ತಾರೆ.

ಭಟ್ಟಿ ಬೂದಿ ತರುವ ಮೊದಲು ಏನು ಸುಟ್ಟದ್ದು ಅಂತ ಕೇಳಿ. ಟೈರು, ಪ್ಲಾಸ್ಟಿಕ್ ಸೇರಿದ್ದರೆ ತರಕಾರಿ ಗಿಡದ ಹತ್ತಿರವೂ ತರಬೇಡಿ. ಬರೀ ಹೊಟ್ಟು ಸುಟ್ಟಿದ್ದಾದರೆ ಅದರಲ್ಲಿ ಹೆಚ್ಚಿನದು ಸಿಲಿಕಾ, ಪೊಟ್ಯಾಷ್ ಕಡಿಮೆ. ಪೊಟ್ಯಾಷ್ ಬೇಕಾದರೆ ಸೌದೆ ಒಲೆ ಬೂದಿ. ಅದೂ ಬೋರ್ ನೀರಿನವರಿಗೆ ಚಿಟಿಕೆ ಅಷ್ಟೇ, ಬೂದಿಯೂ ಕ್ಷಾರ, ನೀರೂ ಕ್ಷಾರ. ಮತ್ತೆ ಬೂದಿಯನ್ನು ಗಂಜಲದ ಜೊತೆ ಬೆರೆಸಬೇಡ. ಮೂಗು ಉರಿಯುವ ವಾಸನೆ ಬರುತ್ತದಲ್ಲ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತಿರುವುದು ಅದೇ.

ಹನ್ನೊಂದು ಬಕೆಟ್, ದಾವಣಗೆರೆ

ಅಕ್ಕ, ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಈಗ ಬಕೆಟ್ 13.

ಗುಲಾಬಿಗೆ ಮೂರು ಸಲ ನೀರು ಹರಿಸಿದೆ. ಒಂದು ಕೊಂಬೆ ಹೋಯಿತು, ಇನ್ನೊಂದರಲ್ಲಿ ಕೆಂಪು ಚಿಗುರು ಬಂದಿದೆ. ಟೊಮೆಟೊ ಬೆಳಿಗ್ಗೆ ಆರೂವರೆಗೆ ನೀರು, ತರಗೆಲೆ ಹೊದಿಕೆ. ಹಳೇ ಕಾಯಿ ಹಾಗೇ ಕಪ್ಪಗೆ ಉಳಿದವು, ಕಿತ್ತು ಗೊಬ್ಬರದ ಬಕೆಟ್‌ಗೆ ಹಾಕಿದೆ. ಆಮೇಲೆ ಬಂದವು ಚೆನ್ನಾಗಿವೆ, ಹದಿನೇಳು ಕಾಯಿ ಕೊಯ್ದೆ. ಮನೆಯವರು ಎಣಿಸಿದರು, ನಾನಲ್ಲ.

ಹಿಂಡಿ ನೀರು ಹಾಕಿದ ರಾತ್ರಿ ಕರೆಂಟ್ ಹೋಗಿತ್ತು. ಕಿಟಕಿ ತೆಗೆಯಲೂ ಆಗದೆ, ಮುಚ್ಚಲೂ ಆಗದೆ ಒದ್ದಾಡಿದೆವು. ಇಡೀ ಬೀದಿಗೇ ಗೊತ್ತಾಗಿರಬೇಕು, ಯಾರೂ ಕೇಳಲಿಲ್ಲ.

ಮೊದಲ ಗೊಬ್ಬರದ ಬಕೆಟ್ ಇವತ್ತು ಸುರಿದೆ. ನೀವು ಹೇಳಿದ ಮಣ್ಣಿನ ವಾಸನೆಯೇ! ಮಾವಿನ ಓಟೆ, ಮುಸುಕಿನ ಜೋಳದ ದಿಂಡು ಹಾಗೇ ಇವೆ. ಭತ್ತದ ಹೊಟ್ಟು ಅಲ್ಲಲ್ಲಿ ಕಾಣುತ್ತದೆ. ನಡುವೆ ಎರಡು ವಾರ ಬೂದು ಬಣ್ಣದ ಚಪ್ಪಟೆ ಹುಳ ಗಿಜಿಗಿಜಿ ಅಂತಿದ್ದವು, ಹೆದರಿ ಮುಚ್ಚಿಟ್ಟಿದ್ದೆ, ತಾವೇ ಖಾಲಿಯಾದವು. ಆದರೆ ಇವತ್ತು ತಳದಲ್ಲಿ ಬೇರೆ ಥರದ್ದು ನಾಲ್ಕು ಸಿಕ್ಕಿವೆ. ಬೆಳ್ಳಗೆ, ದಪ್ಪಗೆ, ಹೆಬ್ಬೆರಳಿನ ಅರ್ಧ ಗಾತ್ರ, ತಲೆ ಕಂದು. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತವೆ. ಗೊಬ್ಬರದ ಜೊತೆ ಗಿಡಕ್ಕೆ ಹಾಕಬಹುದಾ?

ಮೆಸ್ಸಿನ ಅಕ್ಕ, ಶಿವಮೊಗ್ಗ

ಬೇಡ ಬೇಡ! ಚಪ್ಪಟೆ ಬೂದು ಹುಳ ಒಂದು ಜಾತಿ ನೊಣದ ಮರಿ, ಕಸ ತಿಂದು ಗೊಬ್ಬರ ಮಾಡಿ ಹೋಗುತ್ತವೆ. ಅವು ಬಂದರೆ ನನಗೆ ಖುಷಿ. ಕೊಡೆ ಹಿಡಿಯ ಥರ ಬಾಗಿದ ಬಿಳೀ ಹುಳ ಗೊಣ್ಣೆ ಹುಳದ ಜಾತಿ. ಅದರಲ್ಲಿ ಬರೀ ಕೊಳೆತದ್ದು ತಿನ್ನುವವೂ ಇವೆ, ಬೇರು ಕಡಿಯುವವೂ ಇವೆ. ನೋಡಿದ ತಕ್ಷಣ ಬೇರೆ ಮಾಡಲು ನನಗೂ ಬರಲ್ಲ. ಬಕೆಟ್‌ನಲ್ಲಿ ಒಂದು ಸೇರಿದರೂ ಬದನೆ ಗಿಡ ಒಂದೇ ದಿನದಲ್ಲಿ ಜೋತು ಬಿದ್ದದ್ದು ನೋಡಿದ್ದೇನೆ, ಎಳೆದರೆ ಬೇರೇ ಇಲ್ಲದೆ ಕೈಗೆ ಬಂತು.

ಗೊಬ್ಬರವನ್ನು ಪೇಪರ್ ಮೇಲೆ ತೆಳ್ಳಗೆ ಹರಡಿ ಒಂದು ಗಂಟೆ ಬಿಡಿ, ಇನ್ನೆಷ್ಟಿವೆ ಅಂತ ಕಾಣುತ್ತದೆ. ಜರಡಿ ಹಿಡಿದು, ಓಟೆ, ದಿಂಡು ಎಲ್ಲ ಎರಡನೇ ಬಕೆಟ್‌ಗೆ ವಾಪಸ್ ಹಾಕಿ. ಹುಳ ಆರಿಸಿ ಒಂದು ತಟ್ಟೆಯಲ್ಲಿ ತಾರಸಿ ಮೇಲಿಡಿ, ಮೈನಾ ಹಕ್ಕಿಗಳು ಹತ್ತು ನಿಮಿಷದಲ್ಲಿ ಮುಗಿಸುತ್ತವೆ. ಬಟ್ಟೆ ತಂತಿ ಇರುವ ಕಡೆಯ ಪ್ಯಾರಾಪೆಟ್ ಮೇಲೆ ಮಾತ್ರ ಇಡಬೇಡಿ. ತಿಂದ ಹಕ್ಕಿ ಅಲ್ಲೇ ಕೂರುತ್ತದೆ, ಕೆಳಗೆ ಮತ್ತೆ ಪಂಚೆ ಇರುತ್ತದೆ.